ಯಾರೂ ಹೇಳದ ಉತ್ತರ

ನಮ್ಮ ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಅಂದಾಜಕ್ಕ ಎಂದೇ ಕರೆಯುತ್ತಿದ್ದರು. ಊಟಕ್ಕೆ ಎಷ್ಟು ಹೊತ್ತಿಗೆ ಏಳುತ್ತೀರಿ ಎಂದರೆ, ಒಂದರಿಂದ ಒಂದೂವರೆಯೊಳಗೆ, ಆದರೆ ಹತ್ತು ಸಲಕ್ಕೆ ಒಂದು ಸಲ ಅದೂ ತಪ್ಪಬಹುದು ಎನ್ನುವ ಹೆಂಗಸು. ಒಮ್ಮೆ ಕಚೇರಿಗೆ ಬಂದಿದ್ದ ಆಕೆಯ ಅತ್ತೆ, ತಮ್ಮ ಸೊಸೆ ಅಡುಗೆಗೆ ಉಪ್ಪು ಹಾಕುವಾಗಲೂ ಇಷ್ಟರಿಂದ ಇಷ್ಟು ಎಂದು ಗೊಣಗುತ್ತಾಳೆಂದೂ, ಒಂದು ದಿನವೂ ಉಪ್ಪು ಹೆಚ್ಚಾಗಿಲ್ಲವಾದ್ದರಿಂದ ಬೈಯಲು ದಾರಿಯಿಲ್ಲವೆಂದೂ ದೂರಿಕೊಂಡಿದ್ದರು. ತಂದೆಗೆ ತಕ್ಕಡಿ ರಿಪೇರಿಯ ಅಂಗಡಿಯಿತ್ತಂತೆ. ಮೂವರು ಹೆಣ್ಣುಮಕ್ಕಳಲ್ಲಿ ಈಕೆ ಕಿರಿಯವಳು. ಸಂಖ್ಯಾಶಾಸ್ತ್ರ ಓದಿ, ಔಷಧ ಕಂಪನಿಯೊಂದರಲ್ಲಿ ಕೆಲಸ ಮಾಡಿ, ಮಗಳು ಹುಟ್ಟಿದ ಮೇಲೆ ಹೊತ್ತಿಗೆ ಸರಿಯಾಗಿ ಮನೆ ಸೇರಬಹುದೆಂದು ನಮ್ಮಲ್ಲಿಗೆ ಬಂದವಳು. ಗಂಡ ಲಿಫ್ಟ್ ಮೆಕ್ಯಾನಿಕ್.

ಹೆಸರಿಲ್ಲದ ಮೂಳೆಗಳಿಗೆ ಹೆಸರು ಹುಡುಕುವುದು ನಮ್ಮ ಕಚೇರಿಯ ಕೆಲಸ. ಹೊಳೆಯ ಹೂಳೆತ್ತುವಾಗ, ಹಳೆಯ ಕಟ್ಟಡ ಕೆಡವಿ ಪಾಯ ತೋಡುವಾಗ, ಪಾಳುಬಾವಿ ಶುಚಿ ಮಾಡುವಾಗ ಸಿಕ್ಕಿದ್ದೆಲ್ಲ ಪೊಲೀಸರ ಮೂಲಕ ನಮ್ಮಲ್ಲಿಗೆ ಬರುತ್ತದೆ. ತೊಳೆದು, ಒಣಗಿಸಿ, ಅಳೆದು, ಬೂದುಬಣ್ಣದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಉದ್ದನೆಯ ಕೋಣೆಯ ಕಪಾಟುಗಳಲ್ಲಿ ಜೋಡಿಸುತ್ತೇವೆ. ಆ ಕೋಣೆಗೆ ಕಿಟಕಿಯಿಲ್ಲ. ಗೋಡೆಯ ಈಚೆ ಮೊಗಸಾಲೆ, ಅಲ್ಲಿ ಗೋಡೆಗೆ ತಾಗಿದಂತೆ ಒಂದು ಮರದ ಬೆಂಚು. ಮನೆಯವರನ್ನು ಕಳೆದುಕೊಂಡವರು ಬಂದು ಕೂರುವ ಜಾಗ. ಅವರೊಡನೆ ಮಾತಾಡುವುದು ನನ್ನ ಪಾಲಿನ ಕೆಲಸ. ಹೆಚ್ಚಾಗಿ ನಾನು ಹೇಳುವುದು ಒಂದೇ ಮಾತು: ಇನ್ನೂ ಏನೂ ತಿಳಿದುಬಂದಿಲ್ಲ.

ಗುಡಿಸುವಾಕೆ ಬೆಳಿಗ್ಗೆ ಆ ಕೋಣೆಯ ದೀಪ ಹಾಕಿ, ಪೊರಕೆ ಹಿಡಿದು ಒಳಗೆ ಹೋಗುವಾಗ ಕಪಾಟುಗಳನ್ನು ಮಾತಾಡಿಸುತ್ತಿದ್ದಳು. "ಏನ್ರಣ್ಣಾ, ಎದ್ರಾ? ಕಾಲೆತ್ತಿ, ಗುಡಿಸ್ಬೇಕು." ಹೊಸದಾಗಿ ಸೇರಿದವರು ಬೆಚ್ಚುತ್ತಿದ್ದರು, ಹಳಬರು ನಗುತ್ತಿದ್ದರು. ಪೆಟ್ಟಿಗೆಯ ಮೇಲಿನ ಚೀಟಿಗಳಲ್ಲಿ ಬಹುಪಾಲು ಗಂಡು ಎಂದೇ ಬರೆದಿತ್ತು. ಆಕೆಗೆ ಎಲ್ಲರೂ ಅಣ್ಣಂದಿರು.

ಅಂದಾಜಕ್ಕನ ಕೆಲಸವೇನೆಂದು ಇಲ್ಲಿ ಸ್ವಲ್ಪ ವಿವರಿಸಬೇಕು. ಸೊಂಟದ ಮೂಳೆಯೋ ತಲೆಬುರುಡೆಯೋ ಸಿಕ್ಕರೆ ಗಂಡೋ ಹೆಣ್ಣೋ ಎಂದು ನಮ್ಮ ಮುಖ್ಯಸ್ಥರು ಕಣ್ಣಿನಲ್ಲೇ ಹೇಳಬಲ್ಲರು. ಎಷ್ಟೋ ಸಲ ಸಿಗುವುದು ಒಂದು ತೋಳಿನ ಮೂಳೆ, ಅರ್ಧ ತೊಡೆಮೂಳೆ ಮಾತ್ರ. ಆಗ ಉದ್ದವನ್ನು ಅಳೆದು, ಬದುಕಿದ್ದಾಗ ಆ ಮನುಷ್ಯ ಎಷ್ಟು ಎತ್ತರವಿದ್ದಿರಬಹುದೆಂದು ಲೆಕ್ಕ ಹಾಕಿ, ಕಾಣೆಯಾದವರ ಪಟ್ಟಿಯಲ್ಲಿ ಯಾರನ್ನು ಹೋಲಬಹುದೆಂದು ಕಂಪ್ಯೂಟರ್ ಹುಡುಕುತ್ತದೆ. ಹೋಲುವ ಹೆಸರು ಸಿಕ್ಕಿದರಷ್ಟೇ ಆ ಮನೆಯವರು ಕೊಟ್ಟ ರಕ್ತವನ್ನೂ ಮೂಳೆಯ ಚೂರನ್ನೂ ದೂರದ ಪ್ರಯೋಗಾಲಯಕ್ಕೆ ಕಳಿಸುತ್ತೇವೆ. ಎಲ್ಲರ ರಕ್ತವನ್ನು ಎಲ್ಲ ಪೆಟ್ಟಿಗೆಗಳೊಡನೆ ಹೋಲಿಸಿ ನೋಡುವಷ್ಟು ಅನುಕೂಲ ನಮಗಿಲ್ಲ.

ಎತ್ತರದ ಲೆಕ್ಕ ಹಾಕುವ ಫಂಕ್ಷನ್, ಎಂದರೆ ಪ್ರೋಗ್ರಾಮಿನ ತುಣುಕು, ನಮ್ಮದಲ್ಲ; ಬೇರೆಲ್ಲಿಯೋ ಪಂಡಿತರು ಬರೆದು, ಎಲ್ಲರ ಬಳಕೆಗೆ ಬಿಟ್ಟದ್ದು. ಅದಕ್ಕೆ ಹತ್ತಾರು ವಿವರ ಕೊಡಬೇಕು. ಯಾವ ಮೂಳೆ, ಎಷ್ಟು ಉದ್ದ, ಎಡವೋ ಬಲವೋ, ಗಂಡೋ ಹೆಣ್ಣೋ. ಕೊಡದೆ ಬಿಟ್ಟ ವಿವರಕ್ಕೆ ಅದು ತನ್ನದೇ ಒಂದು ಉತ್ತರವನ್ನು ಇಟ್ಟುಕೊಂಡಿರುತ್ತದೆ. ಅದನ್ನು ಡೀಫಾಲ್ಟ್ ಎನ್ನುತ್ತಾರೆ. ಅಳತೆ ತೆಗೆಯುವವರಿಗೆ ಇಷ್ಟೆಲ್ಲ ತಲೆನೋವು ಬೇಡವೆಂದು ಅಂದಾಜಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದರ ಮೇಲೊಂದು ಹೊದಿಕೆ ಬರೆದಿದ್ದಳು. ಹೊದಿಕೆಯೂ ಒಂದು ಫಂಕ್ಷನ್ನೇ. ನಾವು ಕೊಟ್ಟದ್ದನ್ನು ಅದು ಇಸಿದುಕೊಂಡು, ಒಪ್ಪವಾಗಿ ಜೋಡಿಸಿ, ಒಳಗಿನ ಫಂಕ್ಷನ್ನಿಗೆ ದಾಟಿಸಿ, ಬಂದ ಉತ್ತರವನ್ನು ತಂದುಕೊಡುತ್ತದೆ. ನಮಗೆ ಕಾಣುತ್ತಿದ್ದುದು ಪರದೆಯ ಮೇಲಿನ ಒಂದು ಗುಂಡಿ ಮಾತ್ರ.

ಆ ವರ್ಷ ಒಳಗಿನ ಫಂಕ್ಷನ್ನಿನ ಹೊಸ ಆವೃತ್ತಿಯನ್ನು ಹಾಕಿಸಿದೆವು. ಹಳೆಯದರಲ್ಲಿ ಗಂಡೋ ಹೆಣ್ಣೋ ಎಂದು ಹೇಳದಿದ್ದರೆ ಗಂಡು ಎಂದು ಹಿಡಿಯುತ್ತಿತ್ತು. ಅದು ತಪ್ಪೆಂದು ಬರೆದವರೇ ಒಪ್ಪಿ, ಹೊಸದರಲ್ಲಿ, ಹೇಳದಿದ್ದರೆ ತಿಳಿಯದು ಎಂದು ಹಿಡಿದು ಎರಡೂ ಕಡೆ ಹುಡುಕುವಂತೆ ತಿದ್ದಿದ್ದರು. ಮುಖ್ಯಸ್ಥರು ಸಭೆ ಕರೆದು ಇದನ್ನು ಓದಿ ಹೇಳಿದರು. ಹಳೆಯ ಪೆಟ್ಟಿಗೆಗಳನ್ನೆಲ್ಲ ಮತ್ತೆ ಲೆಕ್ಕಕ್ಕೆ ಹಾಕಿದ್ದೂ ಆಯಿತು. ಫಲಿತಾಂಶದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ಹಾಗಿದ್ದರೆ ಹಿಂದಿನದೂ ಸರಿಯಾಗಿಯೇ ಇತ್ತು ಎಂದು ಎಲ್ಲರೂ ಸಮಾಧಾನಪಟ್ಟುಕೊಂಡರು. ನಾನೂ.

ಆ ದಿನಗಳಲ್ಲಿ ಅಂದಾಜಕ್ಕ ಮನೆಯ ಮೆಟ್ಟಿಲಲ್ಲಿ ಜಾರಿ ಎಡತೋಳು ಮುರಿದುಕೊಂಡಳು. ಗಂಡ ಊರಿನ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುತ್ತಾನೆ, ಹೆಂಡತಿಗೆ ಮಾತ್ರ ಮೆಟ್ಟಿಲು ಎಂದು ಕಚೇರಿಯವರು ಆಡಿಕೊಂಡರು. ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೆಲಸಕ್ಕೆ ಬಂದವಳು ಒಂದು ಮಧ್ಯಾಹ್ನ ಆಸ್ಪತ್ರೆಯ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಳೆ ಮುರಿದ ಕಡೆ ಸರಿಹೊಂದಿಸಿ, ಅಳತೆಪಟ್ಟಿ ಇಟ್ಟು ಉದ್ದ ತೆಗೆದಳು. ಹೊಸ ಆವೃತ್ತಿಯನ್ನು ಪರೀಕ್ಷಿಸಲು ಉತ್ತರ ಮೊದಲೇ ಗೊತ್ತಿರುವ ಮೂಳೆಯೊಂದು ಬೇಕು, ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಕ್ಕೀತು ಎಂದಳು. "ನೋಡೋಣ, ನಾನು ಯಾರು ಅಂತ."

ಒಂದೇ ಕೈಯಲ್ಲಿ ಮೂಳೆಯ ಹೆಸರನ್ನೂ ಉದ್ದವನ್ನೂ ಟೈಪಿಸಿ, ಉಳಿದದ್ದನ್ನು ಖಾಲಿ ಬಿಟ್ಟು ಗುಂಡಿ ಒತ್ತಿದಳು. ನಾನು ಹಿಂದೆ ನಿಂತಿದ್ದೆ. ಪರದೆ ಹೇಳಿತು: ಗಂಡು. ಎತ್ತರ ಆಕೆಗಿಂತ ನಾಲ್ಕು ಬೆರಳು ಹೆಚ್ಚು. ಹೋಲುವವರು ಮೂವರು. ಮೊದಲನೆಯವನು ಬೀಗ ರಿಪೇರಿಯವನು. ಒಂದು ಸಂಜೆ ಅಂಗಡಿಯ ಬಾಗಿಲೆಳೆದು ಹೋದವನು ಮನೆ ಮುಟ್ಟಿರಲಿಲ್ಲ. ಗುರುತಿನ ಸಾಲಿನಲ್ಲಿ, ಎಡತೋಳು ಹಿಂದೊಮ್ಮೆ ಮುರಿದಿತ್ತು ಎಂದಿತ್ತು.

ನನಗೆ ನಗು ಬಂತು, ಆದರೆ ಬಾಯಿಂದ ಹೊರಡಲಿಲ್ಲ. ಅಂದಾಜಕ್ಕ ತನ್ನ ಕಟ್ಟಿದ ಕೈಯನ್ನೊಮ್ಮೆ ನೋಡಿಕೊಂಡಳು. ಆಕೆ ಅಲ್ಲಿ ಕುಳಿತಿದ್ದಳು, ಉಸಿರಾಡುತ್ತಿದ್ದಳು, ಮೇಜಿನ ಮೇಲೆ ಆಕೆಯ ಊಟದ ಡಬ್ಬಿಯಿತ್ತು. ಪರದೆಯಲ್ಲಿ ಮಾತ್ರ ಆಕೆ ಎಂದೋ ಕಾಣೆಯಾದ ಒಬ್ಬ ಗಂಡಸಾಗಿದ್ದಳು.

ಆಮೇಲೆ ಹೊದಿಕೆಯನ್ನು ಬದಿಗಿಟ್ಟು ಒಳಗಿನ ಫಂಕ್ಷನ್ನನ್ನೇ ನೇರವಾಗಿ ಕೇಳಿದಳು. ಅದೇ ಮೂಳೆ, ಅದೇ ಉದ್ದ. ಅದು, ಗಂಡೋ ಹೆಣ್ಣೋ ತಿಳಿಯದು, ಎತ್ತರ ಇಷ್ಟರಿಂದ ಇಷ್ಟು ಎಂದಿತು. ಆಕೆಯ ನಿಜವಾದ ಎತ್ತರ ಆ ಎರಡರ ನಡುವೆ ಇತ್ತು. ಹೊದಿಕೆಯ ಮೂಲಕ ಮತ್ತೆ ಕೇಳಿದಳು. ಮತ್ತೆ ಗಂಡು.

ತನಗೆ ಬಂದು ಸೇರಿದ ವಿವರಗಳನ್ನು ಲೆಕ್ಕಕ್ಕೆ ಮೊದಲು ಪರದೆಗೆ ಬರೆಯಲಿ ಎಂದು ಒಳಗಿನ ಫಂಕ್ಷನ್ನಿನ ಒಂದು ನಕಲಿನಲ್ಲಿ ಒಂದು ಸಾಲು ಸೇರಿಸಿ, ಕೀಲಿಮಣೆಯನ್ನು ನನ್ನ ಕಡೆ ಸರಿಸಿದಳು. ಪೆಟ್ಟಿಗೆಯ ಸಂಖ್ಯೆ ಮಾತ್ರ ಕೊಡಿ, ಮತ್ತೇನೂ ಮುಟ್ಟಬೇಡಿ ಎಂದಳು. ನಾನು ಹಾಗೆಯೇ ಮಾಡಿದೆ. ಬಂದದ್ದು: ಗಂಡು. ಇನ್ನೊಂದು ಪೆಟ್ಟಿಗೆ. ಬಂದದ್ದು: ಗಂಡು. ಮಗದೊಂದು. ಹೊರಗೆ ಬಿಸಿಲಿತ್ತು, ಬೀದಿಯಲ್ಲಿ ಯಾರೋ ಗಾಡಿ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಆ ಎರಡಕ್ಷರದ ಪುಟ್ಟ ಪದ ಒಂದರ ಕೆಳಗೊಂದು ಬಂದು ಕೂರುವುದನ್ನು ನೋಡುತ್ತ ನನ್ನ ಕೈ ಕೀಲಿಮಣೆಯಿಂದ ತಾನಾಗಿ ಹಿಂದೆ ಸರಿಯಿತು.

"ನೀವೇನಾದ್ರೂ ಟೈಪ್ ಮಾಡಿದ್ರಾ?" ಎಂದಳು.

"ಇಲ್ಲ."

"ನಾನೂ ಮಾಡಿಲ್ಲ. ಆದ್ರೂ ಯಾರೋ ಹೇಳ್ತಿದಾರೆ."

ಹೊದಿಕೆಯ ಬರಹವನ್ನು ತೆರೆದು ಮೇಲಿನಿಂದ ಓದುತ್ತ ಬಂದಳು. ಮೊದಲ ಸಾಲಿನಲ್ಲೇ ಇತ್ತು. ಹೊದಿಕೆ ಬರೆದ ಕಾಲಕ್ಕೆ, ಓದುವವರಿಗೆ ಎಲ್ಲವೂ ಸ್ಪಷ್ಟವಿರಲಿ ಎಂಬ ಅಚ್ಚುಕಟ್ಟುತನದಿಂದ ಆಕೆ ಒಳಗಿನ ಫಂಕ್ಷನ್ನಿನ ಡೀಫಾಲ್ಟುಗಳನ್ನೆಲ್ಲ ಹೊದಿಕೆಯಲ್ಲೂ ಹಾಗೆಯೇ ನಕಲು ಮಾಡಿಕೊಂಡಿದ್ದಳು. ಹೇಳದಿದ್ದರೆ ಗಂಡು. ಅಂದಿಗೆ ಎರಡೂ ಒಂದೇ ಆಗಿದ್ದರಿಂದ ಯಾವ ತೊಂದರೆಯೂ ಇರಲಿಲ್ಲ. ಈಗ ಒಳಗಿನದು ಬದಲಾಗಿತ್ತು. ಹೊದಿಕೆ ಮಾತ್ರ, ನಾವು ಸುಮ್ಮನಿದ್ದಾಗಲೆಲ್ಲ ಹಳೆಯ ಉತ್ತರವನ್ನೇ ನಮ್ಮ ಪರವಾಗಿ ಒಳಕ್ಕೆ ಹೇಳುತ್ತಿತ್ತು. ಹೀಗಾಗಿ ಒಳಗಿನ ಫಂಕ್ಷನ್ನಿಗೆ ನಮ್ಮ ಮೌನ ಒಮ್ಮೆಯೂ ತಲುಪಿರಲಿಲ್ಲ.

ಅಂದಾಜಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತಳು. ಆಗ ತೋಳಿನ ನೋವು ಹೆಚ್ಚಾಗಿರಬೇಕೆಂದು ನಾನು ಭಾವಿಸಿದ್ದೆ. ಕೊನೆಗೆ, ಇದು ನಾನೇ, ಎಂದಳು. ಬಾಗಿಲ ಹಿಂದೆ ಯಾರೋ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡು ದನಿ ಗುರುತು ಹಿಡಿದವಳಂತೆ.

ಅಷ್ಟರಲ್ಲಿ ನನಗೆ ಕಾಜಾ ಹೊಲಿಯುವಾಕೆಯ ನೆನಪಾಯಿತು. ತಿಂಗಳಿಗೊಮ್ಮೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಅಂಗಿಗಳಿಗೆ ಗುಂಡಿಯ ತೂತು ಹೊಲಿಯುವುದು ಆಕೆಯ ಉದ್ಯೋಗ. ಕಾಯುವಾಗಲೂ ಮಡಿಲಲ್ಲಿ ಒಂದು ಅಂಗಿಯಿರುತ್ತಿತ್ತು. ಆಕೆಯ ಅಕ್ಕ ಐಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಪಾಳಿ ಮುಗಿಸಿ ಹೊಳೆಯ ದಂಡೆಯ ದಾರಿ ಹಿಡಿದವಳು ಮನೆಗೆ ಬರಲಿಲ್ಲ. ಯಾರ ಜೊತೆಗೋ ಓಡಿಹೋದಳೆಂದು ಬೀದಿಯವರು ಆಡಿಕೊಂಡರು. ಅಕ್ಕ ಬದುಕಿಲ್ಲವೆಂಬುದು ತಂಗಿಗೆ ಒಳಗೊಳಗೇ ಗೊತ್ತಿತ್ತು. ಆದರೆ ಮನಸ್ಸಿಗೆ ಗೊತ್ತಾಗುವುದು ಬೇರೆ, ಯಾರಾದರೂ ಹೇಳಿ ತಿಳಿಯುವುದು ಬೇರೆ ಎನ್ನುತ್ತಿದ್ದಳು. "ಓಡಿಹೋಗಿಲ್ಲ ಅಂತ ಒಂದ್ ಸಲ ಹೇಳ್ಬಿಡಿ ಅಣ್ಣ, ಸಾಕು. ಅಮ್ಮ ಇರೋದ್ರೊಳಗೆ." ಆಕೆಯ ತಾಯಿ ಹಾಸಿಗೆ ಹಿಡಿದಿದ್ದರು. ಆಕೆ ರಕ್ತ ಕೊಟ್ಟು ವರ್ಷಗಳಾಗಿದ್ದವು. ಪೆಟ್ಟಿಗೆಯೊಂದು ಗಂಡು ಎಂದಾದ ಕೂಡಲೇ ಕಾಣೆಯಾದ ಹೆಂಗಸರ ಪಟ್ಟಿಯನ್ನು ಪ್ರೋಗ್ರಾಂ ತೆರೆಯುತ್ತಲೇ ಇರಲಿಲ್ಲವೆಂದು ನನಗೆ ಅರ್ಥವಾದದ್ದು ಅಂದು.

ಮುಖ್ಯಸ್ಥರಿಗೆ ವಿಷಯ ತಿಳಿಸಲು ಇಬ್ಬರೂ ಹೋದೆವು. ಅವರು ಒಳ್ಳೆಯ ಮನುಷ್ಯರು, ಮೂಳೆಯ ವಿಷಯದಲ್ಲಿ ಅವರ ಕಣ್ಣು ತಪ್ಪಿದ್ದನ್ನು ನಾನು ಕಂಡಿಲ್ಲ, ಆದರೆ ಕಂಪ್ಯೂಟರೆಂದರೆ ಕೈಯೆತ್ತಿಬಿಡುವವರು. ಹೊಸದು ಹಾಕಿಸಿದ ಮೇಲೂ ಹಳೆಯದೇ ಉತ್ತರ ಹೇಗೆ ಬರುತ್ತದೆ ಎಂದು ಕೇಳಿದರು. ಅಂದಾಜಕ್ಕ ಅವರ ಮೇಜಿನ ಮೇಲಿದ್ದ ಚಹಾದ ಲೋಟ ತೋರಿಸಿದಳು. ಕೆಳಗಿನ ಅಂಗಡಿಯವನು ಮೊದಲು ಕೇಳದೆ ಸಕ್ಕರೆ ಹಾಕುತ್ತಿದ್ದ, ಈಗ ಕೇಳದೆ ಹಾಕುವುದಿಲ್ಲ. ಆದರೆ ಚಹಾ ತರುವ ಜವಾನ ಇವತ್ತಿಗೂ ತಾನಾಗಿಯೇ ಸಕ್ಕರೆ ಹಾಕು ಎನ್ನುತ್ತಾನೆ. "ನೀವು ಹೇಳಿಲ್ಲ ಸರ್. ಅಂಗಡಿಯವನೂ ಬದಲಾಗಿದಾನೆ. ಆದ್ರೂ ನಿಮ್ಮ ಲೋಟಕ್ಕೆ ಸಕ್ಕರೆ ಬರ್ತಾ ಇದೆ."

ಅವರು ಲೋಟವನ್ನು ಎತ್ತಿಕೊಂಡವರು ಕುಡಿಯದೆ ಕೆಳಗಿಟ್ಟರು. ಹಾಗಾದರೆ ಹೊದಿಕೆಯಲ್ಲೂ ತಿಳಿಯದು ಎಂದು ತಿದ್ದಿಬಿಡು, ಒಂದು ಪದದ ಕೆಲಸವಲ್ಲವೇ ಎಂದರು. ಅಂದಾಜಕ್ಕ ಒಪ್ಪಲಿಲ್ಲ. ಅದು ಮತ್ತೆ ನಕಲೇ. ನಾಳೆ ಒಳಗಿನವರು ಇನ್ನೇನಾದರೂ ತಿದ್ದಿದರೆ ಹೊದಿಕೆ ಇವತ್ತಿನ ಮಾತನ್ನೇ ಹಿಡಿದು ಕೂರುತ್ತದೆ, ಆಗ ನಾನೂ ಇಲ್ಲಿರುವುದಿಲ್ಲ, ನೀವೂ ಇರುವುದಿಲ್ಲ ಎಂದಳು. ಡೀಫಾಲ್ಟನ್ನು ಅಳಿಸಿ ಅಲ್ಲಿ ಖಾಲಿ ಉತ್ತರವೊಂದನ್ನು ಇಟ್ಟು ದಾಟಿಸಿಯೂ ನೋಡಿದ್ದಳು. ಒಳಗಿನ ಫಂಕ್ಷನ್ ಅದನ್ನು ಯಾರೋ ಕೊಟ್ಟ ಉತ್ತರವೆಂದೇ ತಿಳಿದು, ಇದೆಂಥ ಉತ್ತರ ಎಂದು ನಿಂತುಬಿಟ್ಟಿತ್ತು. ಏನೂ ಇಲ್ಲದ ಲಕೋಟೆಯನ್ನು ಕೈಗಿಡುವುದೂ ಲಕೋಟೆಯನ್ನೇ ಕೊಡದಿರುವುದೂ ಅದಕ್ಕೆ ಬೇರೆಬೇರೆ.

"ಹೇಳಿದ್ದನ್ನ ಮಾತ್ರ ದಾಟಿಸ್ಬೇಕು ಸರ್. ಹೇಳದೇ ಇದ್ದದ್ದನ್ನ ದಾಟಿಸ್ಲೇಬಾರ್ದು."

ಹಾಗೆಯೇ ಬರೆದಳು. ಹೊದಿಕೆ ಈಗ ಮೊದಲು, ಯಾವ ವಿವರ ನಿಜವಾಗಿ ಕೈಗೆ ಬಂದಿದೆ ಎಂದು ನೋಡುತ್ತಿತ್ತು. ಬಂದದ್ದನ್ನಷ್ಟೇ ಕಟ್ಟಿ ಒಳಗೆ ಕಳಿಸುತ್ತಿತ್ತು. ಉಳಿದದ್ದರ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ.

ಪೆಟ್ಟಿಗೆಗಳನ್ನೆಲ್ಲ ಮತ್ತೊಮ್ಮೆ ಲೆಕ್ಕಕ್ಕೆ ಹಾಕಿದೆವು. ಈ ಸಲ ಸಾಲುಸಾಲಾಗಿ ತಿಳಿಯದು, ತಿಳಿಯದು ಎಂದು ಬಂತು. ಹಳೆಯ ಚೀಟಿಗಳನ್ನು ಕಿತ್ತು ಹೊಸದನ್ನು ಅಂಟಿಸಲು ನಾನೂ ಗುಡಿಸುವಾಕೆಯೂ ಆ ಕೋಣೆಗೆ ಹೋದೆವು. ಆಕೆ ಬಾಗಿಲಲ್ಲೇ ನಿಂತಳು. ಯಾರ್ಯಾರು ಗಂಡಸರಲ್ಲ ಎಂದು ಕೇಳಿದಳು. ಅದು ಗೊತ್ತಿಲ್ಲವೆಂದೆ. ಇಷ್ಟು ದಿನ ಎಷ್ಟು ಸಲುಗೆಯಿಂದ ಮಾತಾಡಿಸಿದ್ದೇನೆ, ಅವರಲ್ಲಿ ಯಾರು ಏನಂದುಕೊಂಡರೋ ಎಂದಳು, ತಮಾಷೆಗೆ ಹೇಳಿದ್ದಲ್ಲ. ಆಮೇಲೆ ಒಂದು ಮಾತೂ ಆಡದೆ ಗುಡಿಸಿದಳು. ಪೊರಕೆಯ ಸದ್ದೊಂದೇ ಇದ್ದ ಆ ಕೋಣೆಯಲ್ಲಿ ನಾನು ಚೀಟಿ ಅಂಟಿಸುತ್ತಿರುವಾಗ, ಬೆನ್ನ ಹಿಂದಿನ ಕಪಾಟುಗಳಲ್ಲಿ ಬಹುಕಾಲ ಬೇರೆಯವರ ಹೆಸರಿನಲ್ಲಿ ಕುಳಿತಿದ್ದವರು ಒಬ್ಬೊಬ್ಬರಾಗಿ ತಿರುಗಿ ಕೂರುತ್ತಿದ್ದಾರೆಂದು ಅನಿಸಿತು. ತಿರುಗಿ ನೋಡಲಿಲ್ಲ.

ಹೆಂಗಸರ ಪಟ್ಟಿಯಿಂದ ಹೋಲುವ ಕೆಲವು ಹೆಸರುಗಳು ಸಿಕ್ಕವು. ಹೊಳೆಯ ಹೂಳಿನಲ್ಲಿ ಸಿಕ್ಕಿದ್ದ ಒಂದು ಪೆಟ್ಟಿಗೆಯ ಎದುರು ಐಸ್ ಕಾರ್ಖಾನೆಯ ಹೆಂಗಸಿನ ಹೆಸರು ಬಂದಿತ್ತು. ರಕ್ತವನ್ನೂ ಮೂಳೆಯ ಚೂರನ್ನೂ ಕಳಿಸಿದೆವು. ಉತ್ತರ ಬರುವವರೆಗೆ ಅಂದಾಜಕ್ಕ ಯಾವುದಕ್ಕೂ ಇಷ್ಟರಿಂದ ಇಷ್ಟು ಎನ್ನಲಿಲ್ಲ. ಊಟಕ್ಕೆ ಏಳುವಿರಾ ಎಂದರೆ ಹೂಂ ಎಂದು ಏಳುತ್ತಿದ್ದಳು. ಈ ನಡುವೆ ಕಾಜಾ ಹೊಲಿಯುವಾಕೆ ಒಮ್ಮೆ ಬಂದು ಹೋದಳು. ನಿಶ್ಚಯವಾಗದೆ ಏನನ್ನೂ ಹೇಳಬಾರದೆಂಬ ನಿಯಮದಂತೆ ನಾನು ನನ್ನ ಎಂದಿನ ಮಾತನ್ನೇ ಹೇಳಿದೆ. ತಾಯಿ ಈಗ ನೀರು ಮಾತ್ರ ಕುಡಿಯುತ್ತಾರೆಂದು ಹೇಳಿ ಆಕೆ ಎದ್ದುಹೋದಳು.

ಉತ್ತರ ಬಂತು. ಅಕ್ಕತಂಗಿಯರು ಹೌದು.

ಕುಟುಂಬದವರಿಗೆ ಏನು ತಿಳಿಸಬೇಕೆಂದು ಮುಖ್ಯಸ್ಥರು ಒಂದು ವಾಕ್ಯ ಸಿದ್ಧಪಡಿಸಿದ್ದರು: ಲೆಕ್ಕದ ವಿಧಾನ ಸುಧಾರಿಸಿದ್ದರಿಂದ ಗುರುತು ಸಿಕ್ಕಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಂದಾಜಕ್ಕ ಅದನ್ನು ಓದಿ, ಈ ಸಲ ತಾನೇ ಹೇಳುವೆನೆಂದಳು. ಅಷ್ಟು ವರ್ಷದಲ್ಲಿ ಆಕೆ ಮೊಗಸಾಲೆಯ ಆ ಬೆಂಚಿನ ಬಳಿಗೆ ಹೋದದ್ದನ್ನು ನಾನು ಕಂಡಿರಲಿಲ್ಲ.

ಕರೆ ಕಳಿಸಿದ ದಿನವೇ ಕಾಜಾ ಹೊಲಿಯುವಾಕೆ ಬಂದಳು. ಮಡಿಲಲ್ಲಿ ಅಂಗಿಯಿರಲಿಲ್ಲ. ಅಂದಾಜಕ್ಕ ಪಕ್ಕದಲ್ಲಿ ಕುಳಿತು, ಅಕ್ಕ ಸಿಕ್ಕಿದ್ದಾಳೆ, ಹೊಳೆಯಲ್ಲಿ, ಬಹುಶಃ ಆ ದಿನವೇ, ಎಂದಳು. ಆಕೆ ತಲೆಯಾಡಿಸಿದಳು. ಓಡಿಹೋಗಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಇಲ್ಲಿಗೆ ತಂದದ್ದು ಯಾವಾಗ ಎಂದು ಕೇಳಿದಳು.

"ನೀವು ಮೊದಲನೇ ಸಲ ಬರೋಕೂ ಮುಂಚೆ."

"ಹಾಗಾದ್ರೆ ನಾನಿಲ್ಲಿ ಕೂತಾಗೆಲ್ಲ ಅವಳು?"

ಅಂದಾಜಕ್ಕ ಬೆಂಚಿನ ಹಿಂದಿನ ಗೋಡೆಯ ಕಡೆಗೆ ನೋಡಿದಳು. ತಾನು ಬರೆದ ಒಂದು ಸಾಲು, ಯಾರೂ ಕೇಳದೆ, ಯಾರೂ ಹೇಳದೆ, ಅವಳನ್ನು ಗಂಡಸೆಂದು ಹೇಳುತ್ತಲೇ ಇತ್ತೆಂದೂ, ಅದರಿಂದ ಅವಳ ಹೆಸರನ್ನು ಯಾರೂ ಹುಡುಕಲಿಲ್ಲವೆಂದೂ ಹೇಳಿದಳು. ಕ್ಷಮಿಸಿ ಎಂಬ ಪದವನ್ನು ಬಳಸಲಿಲ್ಲ. ಆ ಪದ ತನ್ನನ್ನು ಹಗುರ ಮಾಡುತ್ತದೆ, ಆಕೆಯನ್ನಲ್ಲ ಎಂದು ಆಮೇಲೆ ನನಗೆ ಹೇಳಿದಳು.

ಕಾಜಾ ಹೊಲಿಯುವಾಕೆ ಹಿಂದಕ್ಕೆ ಕೈಚಾಚಿ ಗೋಡೆಯನ್ನು ಮುಟ್ಟಿ ನೋಡಿದಳು.

"ಇಲ್ಲಿ ಕೂತ್ರೆ ಬೆನ್ನು ತಣ್ಣಗಾಗ್ತಿತ್ತು. ಗೋಡೆ ತಣ್ಣಗಿದೆ ಅಂದ್ಕೊಂಡಿದ್ದೆ." ಆಮೇಲೆ ಅಂದಾಜಕ್ಕನ ಕಡೆ ತಿರುಗಿ, "ನಿಮ್ಮನ್ನ ಬೈಬೇಕು ಅನ್ಸುತ್ತೆ ಮೇಡಂ. ಇವತ್ತು ಆಗಲ್ಲ. ಅಮ್ಮನಿಗೆ ಹೇಳ್ಬೇಕು. ಇನ್ನೊಂದಿನ ಬಂದು ಬೈತೀನಿ."

ಅಕ್ಕನನ್ನು ಮನೆಗೆ ಕೊಟ್ಟು ಕಳಿಸಿದೆವು. ಪೆಟ್ಟಿಗೆ ಎಷ್ಟು ಹಗುರವಾಗಿತ್ತೆಂದರೆ, ತಂಗಿ ಎತ್ತಿಕೊಂಡ ರಭಸಕ್ಕೆ ತೋಳು ಮೇಲಕ್ಕೆ ಹಾರಿ, ಒಂದು ಹೆಜ್ಜೆ ಹಿಂದಕ್ಕೆ ವಾಲಿದಳು. ಸುದ್ದಿ ಕೇಳಿ ತಾಯಿ ಒಂದೇ ಮಾತು ಆಡಿದರಂತೆ: ಬೀದಿಯವರನ್ನು ಕರೆ. ಅವರೆಲ್ಲ ಬಂದು ತಲೆ ತಗ್ಗಿಸಿ ನಿಂತದ್ದನ್ನು ಕಣ್ಣಾರೆ ನೋಡಿ, ಕೆಲವು ದಿನಗಳಲ್ಲಿ ತೀರಿಕೊಂಡರು.

ಮುಂದಿನ ತಿಂಗಳು, ಎಂದಿನ ವಾರ, ಎಂದಿನ ಹೊತ್ತಿಗೆ, ಕಾಜಾ ಹೊಲಿಯುವಾಕೆ ಬಂದು ಬೆಂಚಿನ ಮೇಲೆ ಕುಳಿತಿದ್ದಳು. ಕಚೇರಿಯ ಕಿಟಕಿಯಿಂದ ನನ್ನನ್ನು ನೋಡಿದರೂ ಏನೂ ಕೇಳಲಿಲ್ಲ. ನಾನು ಒಳಗೆ ಹೋಗಿ ಹೇಳಿದೆ. ಅಂದಾಜಕ್ಕನ ಕೈಕಟ್ಟು ಬಿಚ್ಚಿದ್ದರು. ತೋಳು ಇನ್ನೂ ನೇರವಾಗುತ್ತಿರಲಿಲ್ಲ. ಎದ್ದು ಬಂದು ಆಕೆಯ ಪಕ್ಕದಲ್ಲಿ ಕೂತಳು.

"ಬೈಯೋಕೆ ಬಂದ್ರಾ?"

"ಅದಕ್ಕೇ ಅಂತ ಹೊರಟೆ. ದಾರೀಲಿ ಮರ್ತೋಯ್ತು. ಕಾಲು ಇಲ್ಲಿಗೇ ಬಂತು." ಆಕೆ ಗೋಡೆಗೆ ಬೆನ್ನು ತಾಗಿಸದೆ, ಮುಂದಕ್ಕೆ ಬಾಗಿ ಕೂತಿದ್ದಳು. "ಈಗ ಆಚೆ ಯಾರಿದಾರೆ?"

"ಗೊತ್ತಿಲ್ಲ," ಎಂದಳು ಅಂದಾಜಕ್ಕ.

ಆಕೆ ಅದನ್ನು ಒಪ್ಪಿಕೊಂಡವಳಂತೆ ಚೀಲದಿಂದ ಒಂದು ಅಂಗಿ ತೆಗೆದು, ಸೂಜಿಗೆ ದಾರ ಪೋಣಿಸಿದಳು. ಅಂದಾಜಕ್ಕ ಎದ್ದು ಹೋಗಲಿಲ್ಲ. ಇಬ್ಬರೂ ಮಧ್ಯಾಹ್ನದವರೆಗೆ ಹಾಗೆಯೇ ಕುಳಿತಿದ್ದರು. ಆ ಹೊತ್ತಿನಲ್ಲಿ ಬೆಂಚಿಗೆ ಬಂದ ಬೇರೆಯವರು, ಯಾರನ್ನೋ ಕಳೆದುಕೊಂಡ ಅಕ್ಕತಂಗಿಯರಿರಬೇಕೆಂದು, ಅವರಿಗೆ ಸ್ವಲ್ಪ ಜಾಗ ಬಿಟ್ಟು ಕೂರುತ್ತಿದ್ದರು.